ನೆಲದ ಕೆಳಗಿನ ವಂಶಾವಳಿ

ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಹಳ್ಳಿಗಳಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ, ಗೌಡರ ಮನೆ ಮುಂದೆ ನಿಂತು ಆ ಮನೆತನದ ತಲೆತಲಾಂತರ ಒಪ್ಪಿಸುವವರು. ಮೂಲಪುರುಷ ಯಾವ ಊರಿಂದ ಬಂದ, ಅವನಿಗೆ ಮಕ್ಕಳೆಷ್ಟು, ಯಾರು ಯಾವ ಹೊಲ ಹಿಡಿದರು, ಯಾರು ಬಾವಿ ತೋಡಿಸಿದರು, ಎಲ್ಲ ತಪ್ಪದೆ ಹೇಳುವರು. ಜೋಳ, ಬಟ್ಟೆ, ಕೆಲವು ಸಲ ಒಂದು ಕರುವನ್ನೂ ಪಡೆದು ಮುಂದಿನ ಮನೆಗೆ ಹೋಗುವರು. ಸಣ್ಣವನಿದ್ದಾಗ ದೂರ ನಿಂತು ಕೇಳಿದ್ದೇನೆ. ಎತ್ತಿನ ಗಂಟೆಯ ಸದ್ದು ನಮ್ಮ ಕೇರಿಯ ತಿರುವಿನ ತನಕ ಬರುತ್ತಿತ್ತು. ಅಲ್ಲಿಂದ ಹಿಂದಕ್ಕೆ ಹೋಗುತ್ತಿತ್ತು.

ನಮ್ಮ ಮನೆತನ ಹೇಳಲಿಕ್ಕೆ ಯಾಕೆ ಯಾರೂ ಬರೋದಿಲ್ಲ ಅಂತ ಆಯಿಯನ್ನು ಕೇಳಿದೆ.

“ನಮ್ದೇನ್ ಅದ ತಮ್ಮಾ ಹೇಳ್ಲಾಕ? ನಿಮ್ಮ ಮುತ್ಯಾ ಖಣಿಗಿ ಹೋಗ್ತಿದ್ದ. ಅವನಪ್ಪ ಗೌಡರ ಮನ್ಯಾಗ ಜೀತಕ್ಕಿದ್ದ. ಅದರ ಹಿಂದಿಂದು ನನಗ ಗೊತ್ತಿಲ್ಲ. ಆಯ್ತು, ಹೋಗಿ ನೀರು ತಾ.”

ಇಷ್ಟೇ ನನ್ನ ವಂಶಾವಳಿ. ನೀರು ತರುವ ಮೊದಲೇ ಮುಗಿದುಹೋಗಿತ್ತು.

ಮುಂದೆ ಕಾಲೇಜು ಸೇರುವಾಗ ಜಾತಿ, ಆದಾಯದ ಸರ್ಟಿಫಿಕೇಟಿಗಾಗಿ ಕಮಲಾಪುರದ ನಾಡಕಚೇರಿಯಲ್ಲಿ ಸಾಲು ನಿಂತೆ. ನನ್ನ ಹಿಂದೆ ನಿಂತಿದ್ದ ಹುಡುಗ ವಂಶವೃಕ್ಷಕ್ಕೆ ಬಂದಿದ್ದ. ಅವರ ಮುತ್ಯಾ ತೀರಿಕೊಂಡಿದ್ದರು, ಹೊಲ ಮಕ್ಕಳ ಹೆಸರಿಗೆ ಪೌತಿ ಖಾತೆ ಆಗಬೇಕಿತ್ತು. ಒಂದೇ ಕಿಟಕಿಯಿಂದ ಎರಡು ಕಾಗದ ಹೊರಬಂದವು. ಅವನ ಕಾಗದದಲ್ಲಿ ಮುತ್ಯಾ, ಅಪ್ಪ, ಕಾಕಂದಿರು ಕೊಂಬೆ ಕೊಂಬೆಯಾಗಿ ಇದ್ದರು. ನನ್ನದರಲ್ಲಿ ಅಪ್ಪನ ಹೆಸರು ಮತ್ತು ಜಾತಿಯ ಹೆಸರು ಇತ್ತು. ಹೊಲ ಇದ್ದವನ ವಂಶವನ್ನು ಸರ್ಕಾರ ಮರದ ಹಾಗೆ ಬರೆಯುತ್ತದೆ. ಹೊಲ ಇಲ್ಲದವನ ವಂಶ ಒಂದು ಪದದಲ್ಲಿ ಮುಗಿಯುತ್ತದೆ.

ಈ ಸಂಚಿಕೆಯ ಸಂಪಾದಕೀಯ ಅದಕ್ಕಾಗಿ ಒಂದು ವಂಶಾವಳಿ. ಹೊಲ ಹಿಡಿದವರದ್ದಲ್ಲ, ನೆಲದೊಳಗೆ ಇಳಿದವರದ್ದು.

ಕಲ್ಲಿದ್ದಲಿನಿಂದ ಶುರುಮಾಡುತ್ತೇನೆ. ಕಲಬುರಗಿಯಲ್ಲಿ ಕಲ್ಲಿದ್ದಲು ಎಲ್ಲಿದೆ ಅಂತ ಕೇಳುತ್ತೀರಿ. ಹಾಸ್ಟೆಲ್ ಕೋಣೆಯ ಬಲ್ಬು ನೋಡಿರಿ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ವಿದ್ಯುತ್ ತೆಗೆಯುತ್ತಿದ್ದಾರೆ. ಅಲ್ಲಿಗೆ ಸಿಂಗರೇಣಿಯ ಗಣಿಗಳಿಂದಲೂ ಕಲ್ಲಿದ್ದಲು ಬರುತ್ತದೆ. ನಾವು ಪರೀಕ್ಷೆಗೆ ಓದುವ ಬೆಳಕಿನಲ್ಲಿ ಯಾರದೋ ಅಪ್ಪನ ಬೆವರಿನ ಪಾಲು ಇದೆ.

ಸಿಂಗರೇಣಿ ನಮಗೆ ಪರದೇಶವೂ ಅಲ್ಲ. ಈಗ ಅದು ತೆಲಂಗಾಣ. 1948ರ ತನಕ ಕಲಬುರಗಿಗೂ ಸಿಂಗರೇಣಿಗೂ ಒಬ್ಬನೇ ನಿಜಾಮ, 1956ರ ತನಕ ಒಂದೇ ಹೈದರಾಬಾದ್ ರಾಜ್ಯ. ಅದೇ ನಾಣ್ಯ, ಅದೇ ದೇಶಮುಖಿ, ಅದೇ ಬಿಟ್ಟಿ ಚಾಕರಿ. ದಲಿತನನ್ನು ಸಾಲದ ಹೆಸರಲ್ಲಿ ಹೊಲಕ್ಕೆ ಕಟ್ಟಿಹಾಕುವ ಪದ್ಧತಿಗೆ ಆ ರಾಜ್ಯದಲ್ಲಿ ಭಾಗೇಲಾ ಎಂಬ ಹೆಸರಿತ್ತು. ಅದನ್ನು ಹದ್ದುಬಸ್ತಿಗೆ ತರಲಿಕ್ಕೆ 1936ರಲ್ಲಿ ನಿಜಾಮ ಸರ್ಕಾರ ಒಂದು ಕಾನೂನು ಮಾಡಿತು. ಕಾಗದ ಬಂತು, ಜೀತ ನಿಲ್ಲಲಿಲ್ಲ. ನನ್ನ ಮುತ್ಯಾನ ಅಪ್ಪನೂ ಅದಕ್ಕೆ ಸಾಕ್ಷಿ.

ಭೂಗರ್ಭ ಇಲಾಖೆಯ ವಿಲಿಯಂ ಕಿಂಗ್ 1871ರಲ್ಲಿ ಇಲ್ಲೆಂದು ಹತ್ತಿರ ಕಲ್ಲಿದ್ದಲು ಗುರುತಿಸಿದ. 1886ರಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿ ಗಣಿಯ ಹಕ್ಕು ಪಡೆಯಿತು. 1889ರಲ್ಲಿ ಕಲ್ಲಿದ್ದಲು ಮೇಲೆ ಬರತೊಡಗಿತು. 1920ರಲ್ಲಿ ಸಿಂಗರೇಣಿ ಕಾಲರೀಸ್ ಎಂಬ ಕಂಪನಿ ಹುಟ್ಟಿತು, 1945ರಲ್ಲಿ ಅದು ನಿಜಾಮ ಸರ್ಕಾರದ ಕೈಗೆ ಬಂತು. ಕಂಪನಿಯ ವಂಶಾವಳಿ ಎಷ್ಟು ಚೊಕ್ಕ ನೋಡಿರಿ! ಹುಟ್ಟಿದ ದಿನ, ಹೆಸರು ಬದಲಾದ ದಿನ, ಯಜಮಾನ ಬದಲಾದ ದಿನ, ಎಲ್ಲ ದಾಖಲಾಗಿದೆ. 1889ರಲ್ಲಿ ಮೊದಲ ಬುಟ್ಟಿ ತುಂಬಿದವನ ಹೆಸರು ಮಾತ್ರ ಎಲ್ಲೂ ಇಲ್ಲ.

ಅವನ ಮಗ ಇಳಿದ, ಮೊಮ್ಮಗ ಇಳಿದ. ಕಲ್ಲಿದ್ದಲನ್ನು ಸಲಿಕೆಯಿಂದ ಟಬ್ಬಿಗೆ ತುಂಬುವವನಿಗೆ ಅಲ್ಲಿ ಕೋಲ್ ಫಿಲ್ಲರ್ ಎನ್ನುತ್ತಾರೆ. ಕೋಲ್ ಫಿಲ್ಲರನ ಮಗ ಕೋಲ್ ಫಿಲ್ಲರ್. ಕೆಲಸಗಾರ ಗಣಿಯಲ್ಲಿ ಸತ್ತರೆ, ಅಥವಾ ಡಾಕ್ಟರು ಅವನನ್ನು ಅನ್‌ಫಿಟ್ ಎಂದು ಬರೆದರೆ, ಮನೆಯಲ್ಲಿ ಒಬ್ಬನಿಗೆ ನೌಕರಿ ಎಂಬ ಪದ್ಧತಿ ಬಂತು. ಇದರ ಅರ್ಥ ಸ್ವಲ್ಪ ಯೋಚಿಸಿರಿ. ಅಪ್ಪನ ಎದೆ ಕೆಟ್ಟದ್ದೇ ಮಗನಿಗೆ ನೌಕರಿಯ ಆರ್ಡರು. ಮನೆಯಲ್ಲಿ ಅಪ್ಪನ ಕೆಮ್ಮು ಕೇಳುತ್ತ ಮಗ ಕಾಯಬೇಕು. ಇಂಥ ಆಸ್ತಿ ಹಂಚಿಕೆ ಯಾವ ಹೆಳವನ ಪುಸ್ತಕದಲ್ಲೂ ಇರಲಾರದು.

ಈಗ ಅದಕ್ಕೂ ಜಾಗ ಇಲ್ಲ. 1990ರ ದಶಕದ ಆರಂಭದಲ್ಲಿ ಸಿಂಗರೇಣಿಯ ಕಾರ್ಮಿಕರು ಲಕ್ಷದ ಮೇಲಿದ್ದರು, ಇಂದು ಅದರ ಅರ್ಧಕ್ಕಿಂತ ಕಡಿಮೆ. ನೆಲದ ಹೊಟ್ಟೆಯನ್ನು ಮೇಲಿನಿಂದಲೇ ಬಗೆಯುವ ಯಂತ್ರಗಳಿಗೆ ಇಷ್ಟು ಕೈ ಬೇಕಿಲ್ಲ. 2017ರಲ್ಲಿ ಹೈದರಾಬಾದಿನ ಹೈಕೋರ್ಟು ಅಲ್ಲಿಯ ವಾರಸುದಾರಿ ನೌಕರಿಯ ಯೋಜನೆಯನ್ನು ರದ್ದು ಮಾಡಿತು. ಸರ್ಕಾರಿ ನೌಕರಿ ವಂಶದಿಂದ ಬರಬಾರದು, ಸಂವಿಧಾನದ ಸಮಾನತೆಗೆ ಅದು ವಿರುದ್ಧ ಎಂಬುದು ಕಾರಣ. ಸತ್ತವರ, ದೇಹ ಕೆಟ್ಟವರ ಮನೆಗೆ ಕಾರುಣ್ಯ ನೇಮಕದ ದಾರಿಯನ್ನು ಆಮೇಲೆ ಮಾಡಿಕೊಂಡರು.

ಸಂವಿಧಾನ ನಮ್ಮದು. ನೌಕರಿ ವಂಶಕ್ಕೆ ಸೇರಿದ್ದಲ್ಲ ಎಂಬ ಮಾತನ್ನು ನಮಗಿಂತ ಮೊದಲು ಯಾರು ಹೇಳಿದ್ದಾರೆ? ಆದರೆ ಸತ್ತ ದನ ಎಳೆಯುವ ಕೆಲಸ ಅಪ್ಪನಿಂದ ಮಗನಿಗೆ ಬಂದಾಗ ಸಮಾನತೆ ಯಾರಿಗೂ ನೆನಪಾಗಲಿಲ್ಲ. ಗಟಾರದ ಸಲಿಕೆ ತಾಯಿಯಿಂದ ಮಗಳಿಗೆ ಬಂದಾಗ ಯಾರೂ ತಡೆಯಾಜ್ಞೆ ತರಲಿಲ್ಲ. ಸಂಬಳ, ಕ್ವಾರ್ಟರ್ಸು, ಪಿಂಚಣಿ ಇರುವ ಕೆಲಸ ವಂಶಕ್ಕೆ ಬಂದ ಕೂಡಲೇ ಅದು ಪ್ರಶ್ನೆಯಾಯಿತು.

ಕಲ್ಲಿದ್ದಲಿನ ಈ ವಂಶದಲ್ಲಿ ಹೆಂಗಸರ ಕೊಂಬೆಯೇ ಕಾಣುವುದಿಲ್ಲ. ಬಂಗಾಳ, ಬಿಹಾರದ ಗಣಿಗಳಲ್ಲಿ ಗಂಡ ಕಡಿಯುವುದು, ಹೆಂಡತಿ ಹೊರುವುದು ರೂಢಿಯಾಗಿತ್ತು. ಬ್ರಿಟಿಷ್ ಸರ್ಕಾರ 1930ರ ದಶಕದಲ್ಲಿ ಹೆಂಗಸರು ನೆಲದೊಳಗೆ ಇಳಿಯುವುದನ್ನು ನಿಲ್ಲಿಸಿತು. ಯುದ್ಧ ಬಂದು ಕಲ್ಲಿದ್ದಲು ಸಾಲದಾದಾಗ, 1943ರಲ್ಲಿ ಆ ತಡೆ ತೆಗೆಯಿತು. ಆಗ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಇದ್ದದ್ದು ಬಾಬಾಸಾಹೇಬ್ ಅಂಬೇಡ್ಕರರ ಕೈಯಲ್ಲಿ. 1943ರ ಡಿಸೆಂಬರಿನಲ್ಲಿ ಅವರು ಝರಿಯಾದ ಕಲ್ಲಿದ್ದಲು ಸೀಮೆಗೆ ಹೋದರು, ತಾವೇ ಗಣಿಯೊಳಗೆ ಇಳಿದು ನೋಡಿದರು. ಶಾಸನಸಭೆಯಲ್ಲಿ 1944ರಲ್ಲಿ ಈ ವಿಷಯಕ್ಕೆ ದೊಡ್ಡ ಚರ್ಚೆ ನಡೆಯಿತು. ಇದು ಯುದ್ಧಕಾಲದ ತಾತ್ಕಾಲಿಕ ಕ್ರಮ, ಹೆಂಗಸಿಗೂ ಗಂಡಸಿನಷ್ಟೇ ಕೂಲಿ ಕೊಡುತ್ತೇವೆ ಎಂದು ಅವರು ವಾದಿಸಿದರು. 1946ರಲ್ಲಿ ತಡೆ ಮತ್ತೆ ಬಂತು. ಅವರ ಕಾಲದಲ್ಲೇ, 1944ರಲ್ಲಿ, ಕಲ್ಲಿದ್ದಲು ಕಾರ್ಮಿಕರ ಕ್ಷೇಮನಿಧಿ ಹುಟ್ಟಿತು.

ಬಾಬಾಸಾಹೇಬರ ಫೋಟೋಕ್ಕೆ ಹೂವು ಹಾಕುವವರು ಈ ಪುಟವನ್ನೂ ಓದಬೇಕು. ಅದರಲ್ಲಿ ಜಯವೂ ಇದೆ, ಇಕ್ಕಟ್ಟೂ ಇದೆ. ತಲೆಯ ಮೇಲೆ ಬುಟ್ಟಿ ಹೊತ್ತ ಬಸುರಿ ಹೆಂಗಸಿನ ಪ್ರಶ್ನೆ ಈ ದೇಶದ ಅತಿ ದೊಡ್ಡ ಸಭೆಗೆ ಹೋದ ಪುಟ ಅದು. ಹೋಗಿದ್ದು ಪ್ರಶ್ನೆ. ಅವಳ ಹೆಸರು ಅಲ್ಲಿಗೂ ಹೋಗಲಿಲ್ಲ.

ಕನ್ನಡ ನೆಲದಲ್ಲಿ ಕಲ್ಲಿದ್ದಲಿಲ್ಲ. ಬಂಗಾರ ಇತ್ತು. ಕೋಲಾರದ ಕೆ.ಜಿ.ಎಫ್.ನಲ್ಲಿ ಗಣಿಯ ಕೆಲಸ ನಾಲ್ಕೈದು ತಲೆಮಾರು ನಡೆಯಿತು. ಇಳಿದವರಲ್ಲಿ ಬಹುಪಾಲು ನಮ್ಮವರೇ. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ದಲಿತರು, ಮನೆಯಲ್ಲಿ ತಮಿಳು ಆಡುವವರು. ಅಲ್ಲಿಯ ಒಂದು ಮನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ಹೆಸರು ನಾನು ಹಾಕುವುದಿಲ್ಲ, ಸಾವಿರಾರು ಮನೆಗಳಿಗೆ ಇದೇ ಕಥೆ. ತಲೆಮಾರಿಗೊಂದು ಇಸವಿ ಸಾಕು.

ಮೊದಲನೆಯವನು 1880ರ ದಶಕದವನು. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಗಣಿ ಹಿಡಿದಿತ್ತು. ಊರಲ್ಲಿ ಬರ, ಹೊಟ್ಟೆಗಿಲ್ಲ, ಮೇಲ್ಜಾತಿಯವರ ಕಾಲ ಕೆಳಗೆ ಬದುಕು. ಗಣಿಯಲ್ಲಿ ಕೂಲಿ ರೊಕ್ಕದ ರೂಪದಲ್ಲಿ ಸಿಗುತ್ತದೆ ಎಂದು ಕೇಳಿ ನಡೆದು ಬಂದ. ಸಾಯುವ ಕೆಲಸ ಅಂತ ಅವನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಊರಲ್ಲಿ ತಲೆ ತಗ್ಗಿಸಿ ಬದುಕುವುದಕ್ಕಿಂತ ಇಲ್ಲಿ ತಲೆ ತಗ್ಗಿಸಿ ಸುರಂಗದಲ್ಲಿ ನಡೆಯುವುದು ವಾಸಿ ಎನಿಸಿತು.

ಎರಡನೆಯವನು 1902ರವನು. ಆ ವರ್ಷ ಶಿವನಸಮುದ್ರದಿಂದ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗಿಂತ ಮೊದಲು ಗಣಿಯ ಯಂತ್ರಕ್ಕೆ ಕರೆಂಟು ಬಂತು. ಆಗ ಗಣಿಯ ಕೆಲಸಗಾರರು ಸಾವಿರಾರು ಮಂದಿ ಇದ್ದರು. ಅವರಲ್ಲೇ ಕೆಲವರು ರೊಕ್ಕ ಕೂಡಿಸಿ ಬೇರೆ ಕೆಲಸವನ್ನೂ ಮಾಡಿದರು. ಪಂಡಿತ ಅಯೋತಿದಾಸರ ಮಾತು ಕೇಳಿ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಕಟ್ಟಿದರು. ನಾಗಪುರದ 1956ರ ದೀಕ್ಷೆಗೆ ಸುಮಾರು ಐವತ್ತು ವರ್ಷ ಮೊದಲು! ಬಂಗಾರ ಅಗೆಯುವವರು ಬುದ್ಧನನ್ನೂ ಅಗೆದು ತೆಗೆದರು. ನಮ್ಮ ವಂಶಾವಳಿ ಬರೀ ಕೆಮ್ಮು ಮತ್ತು ಸಾವಿನದ್ದಲ್ಲ ಎಂಬುದಕ್ಕೆ ಈ ಪುಟ ಗುರುತು ಹಾಕಿಕೊಳ್ಳಿರಿ.

ಮೂರನೆಯವನು 1930ರವನು. ಕಂಪನಿಗಳು ಕೆಲಸಗಾರರ ಬೆರಳಚ್ಚು ತೆಗೆದು ದಾಖಲೆ ಇಡಲು ಹೊರಟವು. ಒಂದು ಸಲ ಕೆಲಸದಿಂದ ತೆಗೆದರೆ ಇನ್ನೆಲ್ಲೂ ಸೇರದಂತೆ ಮಾಡುವ ಹುನ್ನಾರ ಅದು ಎಂದು ಜನ ತಿಳಿದರು. ಸಂಘದ ಬೋರ್ಡೂ ಇಲ್ಲದ ಆ ಕಾಲದಲ್ಲಿ ಸಾವಿರಾರು ಜನ ಮೂರು ವಾರ ಕೆಲಸ ನಿಲ್ಲಿಸಿದರು. ಅವರಿಗೆ ಓದು ಬರಹ ಇರಲಿಲ್ಲ. ಆದರೆ ಕಾಗದಕ್ಕೆ ಎಂಥ ಶಕ್ತಿ ಇದೆ, ಅದು ಯಾರ ಕೈಯಲ್ಲಿದ್ದರೆ ಯಾರನ್ನು ಹಿಡಿಯುತ್ತದೆ ಎಂಬುದು ನಮಗಿಂತ ಚೆನ್ನಾಗಿ ಗೊತ್ತಿತ್ತು.

ಅವನ ಮಗ 1946ರವನು. ಆ ವರ್ಷದ ಮುಷ್ಕರದಲ್ಲಿ ನವೆಂಬರ್ 4ರಂದು ಪೊಲೀಸರು ಗುಂಡು ಹಾರಿಸಿದರು. ಆರು ಮಂದಿ ಕಾರ್ಮಿಕರು ಸತ್ತರು. 1947ರಲ್ಲಿ ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಎದೆರೋಗ ಈ ದೇಶದಲ್ಲಿ ಮೊದಲು ವರದಿಯಾದದ್ದೂ ಕೋಲಾರದ ಗಣಿಯಿಂದಲೇ. ವೈದ್ಯಕೀಯ ಪಠ್ಯಪುಸ್ತಕದಲ್ಲಿ ಆ ಸಾಲು ಇದೆ, ನಮ್ಮ ಮೆಡಿಕಲ್ ಗೆಳೆಯರು ತೆರೆದು ನೋಡಲಿ. ಅದೇ ತಲೆಮಾರು 1954ರಲ್ಲಿ ಬಾಬಾಸಾಹೇಬರನ್ನು ಕೆ.ಜಿ.ಎಫ್.ನಲ್ಲಿ ಕಣ್ಣಾರೆ ಕಂಡಿತು.

ಮುಂದಿನವನ ಕಾಲಕ್ಕೆ ಯಜಮಾನರು ಬದಲಾದರು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್. ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಗಿತ್ತು. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು, ಒತ್ತಡಕ್ಕೆ ಬಂಡೆ ತಾನಾಗಿ ಸಿಡಿಯುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಬಂಗಾರ ಮೇಲೆ ಬಂದಿತ್ತು. ಅಗೆದವರ ಮಕ್ಕಳು ತಾವು ಹುಟ್ಟಿದ ಕ್ವಾರ್ಟರ್ಸು ಮನೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ವರ್ಷಗಟ್ಟಲೆ ಬಡಿದಾಡಿದರು.

ಈಗ ಐದನೆಯವನೋ ಆರನೆಯವನೋ ನಮ್ಮ ವಯಸ್ಸಿನವನು. ಕತ್ತಲಿರುವಾಗಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೋ ಸೆಕ್ಯುರಿಟಿ ಕೆಲಸಕ್ಕೋ ಹೋಗುತ್ತಾನೆ, ಕತ್ತಲಾದ ಮೇಲೆ ಮರಳುತ್ತಾನೆ. ಅವನ ಮುತ್ತಜ್ಜನಿಗೂ ಸೂರ್ಯ ಕಾಣುತ್ತಿರಲಿಲ್ಲ. ಓದಿ ಡಾಕ್ಟರು, ಎಂಜಿನಿಯರು, ಮೇಷ್ಟ್ರು ಆದವರೂ ಆ ಊರಲ್ಲಿದ್ದಾರೆ. ಅದೇ ಊರಲ್ಲಿ 2011ರಲ್ಲಿ ಮಲದ ಗುಂಡಿಗೆ ಇಳಿದ ಕಾರ್ಮಿಕರು ಉಸಿರುಗಟ್ಟಿ ಸತ್ತರು. ಜಾತಿಯ ಕೆಲಸ ಬಿಟ್ಟು ಓಡಿಬಂದವನ ವಂಶವನ್ನು, ಗಣಿ ಮುಚ್ಚಿದ ಮೇಲೆ, ಜಾತಿ ಮತ್ತೆ ಹುಡುಕಿಕೊಂಡು ಬಂದು ಬಾಗಿಲು ತಟ್ಟಿತು. ಗಣಿ ಮುಚ್ಚಬಹುದು, ಜಾತಿಯ ಗುಂಡಿಗೆ ಇನ್ನೂ ಮುಚ್ಚಳ ಬಿದ್ದಿಲ್ಲ.

ಈಗ ನಮ್ಮ ಜಿಲ್ಲೆಗೆ ಬರೋಣ. ಇಲ್ಲಿ ಬಂಗಾರವೂ ಇಲ್ಲ, ಕಲ್ಲಿದ್ದಲೂ ಇಲ್ಲ. ಫರಸಿ ಕಲ್ಲು ಇದೆ. ಶಹಾಬಾದ, ವಾಡಿ, ಚಿತ್ತಾಪುರ ಸೀಮೆಯಲ್ಲಿ ಪದರು ಪದರಾಗಿ ಮಲಗಿರುವ ಸುಣ್ಣಕಲ್ಲು. ಅದು ಶಹಾಬಾದ್ ಕಲ್ಲು ಎಂಬ ಹೆಸರಲ್ಲಿ ಮುಂಬಯಿ, ಪುಣೆ, ಹೈದರಾಬಾದಿನ ಮನೆಗಳ ನೆಲವಾಗಿದೆ. ಹಾರೆ ಹಾಕಿ ಪದರು ಎಬ್ಬಿಸಬೇಕು, ಉಳಿ ಸುತ್ತಿಗೆಯಿಂದ ಅಂಚು ಹೊಡೆಯಬೇಕು, ತಲೆ ಮೇಲೆ ಹೊತ್ತು ಲಾರಿಗೆ ಏರಿಸಬೇಕು. ದಲಿತರು, ವಡ್ಡರು, ಬಡ ಮುಸ್ಲಿಮರು ಈ ಖಣಿಗಳಲ್ಲಿ ಬೆನ್ನು ಬಗ್ಗಿಸಿದ್ದಾರೆ.

ನನ್ನ ಮುತ್ಯಾ ಕಮಲಾಪುರ ಕಡೆಯಿಂದ ಜೀತ ಹರಿದುಕೊಂಡು ಆ ಖಣಿಗೆ ಓಡಿಹೋದವನು. ಕೋಲಾರದ ಮೊದಲನೆಯವನ ಹಾಗೆಯೇ ಅವನಿಗೂ ರೊಕ್ಕದ ಕೂಲಿ ಸ್ವಾತಂತ್ರ್ಯದ ಹಾಗೆ ಕಂಡಿತು. ವಾರಕ್ಕೊಮ್ಮೆ ಬಟವಾಡೆ. ಯಾರ ಮನೆ ಮುಂದೆಯೂ ಚಪ್ಪಲಿ ಕೈಯಲ್ಲಿ ಹಿಡಿಯಬೇಕಾಗಿಲ್ಲ. ಇಪ್ಪತ್ತು ವರ್ಷ ಕಲ್ಲು ಎಬ್ಬಿಸಿದ. ಆಮೇಲೆ ಕೆಮ್ಮು.

“ರಾತ್ರಿ ಪೂರಾ ಕುಂತೇ ಇರ್ತಿದ್ದ. ಮಲಗಿದ್ರ ಉಸರ ಬರ್ತಿರ್ಲಿಲ್ಲ. ದವಾಖಾನ್ಯಾಗ ಟಿ.ಬಿ. ಅಂದ್ರು. ಗುಳಿಗಿ ಕೊಟ್ರು. ಗುಳಿಗಿ ಮುಗದ್ವು, ಕೆಮ್ಮು ಮುಗೀಲಿಲ್ಲ. ಅವನೇ ಮುಗದ.”

ಟಿ.ಬಿ.ಯೇ ಇರಬಹುದು. ಕಲ್ಲಿನ ಧೂಳೂ ಇರಬಹುದು. ಎರಡೂ ಕೂಡಿ ಬರುವುದೂ ಉಂಟು. ದವಾಖಾನೆಯಲ್ಲಿ ಹೆಸರು ಕೇಳಿದರು, ವಯಸ್ಸು ಕೇಳಿದರು. ಏನು ಕೆಲಸ ಮಾಡುತ್ತೀ, ಎಷ್ಟು ವರ್ಷ ಮಾಡಿದ್ದೀ ಅಂತ ಯಾರೂ ಕೇಳಲಿಲ್ಲ. ಆ ಒಂದು ಪ್ರಶ್ನೆಯಲ್ಲಿ ಅವನ ಸಾವಿನ ಕಾರಣ ಇತ್ತೋ ಏನೋ. ಖಣಿಯ ಮಾಲೀಕನ ಹತ್ತಿರ ಆಯಿ ಹೋದಾಗ, ನಿನ್ನ ಗಂಡ ಇಲ್ಲಿ ಕೆಲಸ ಮಾಡಿದ್ದಕ್ಕೆ ಕಾಗದ ಏನಿದೆ ಎಂದು ಕೇಳಿದ. ಆಯಿ ತನ್ನ ಕೈ ತೋರಿಸಿದಳು. ಅವಳೂ ಅಲ್ಲೇ ಕಲ್ಲು ಹೊತ್ತವಳು.

ಗೆಳೆಯರೇ, ಇಲ್ಲಿ ಕಾನೂನಿನ ಮಾತು ಸ್ವಲ್ಪ ಕೇಳಿರಿ, ಬೇಜಾರು ಮಾಡಿಕೊಳ್ಳಬೇಡಿ. ಕೆಲಸದಿಂದ ಬಂದ ರೋಗಕ್ಕೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾಯ್ದೆ 1923ರಿಂದ ಈ ದೇಶದಲ್ಲಿದೆ. ಕಲ್ಲಿನ ಧೂಳಿನ ರೋಗ ಆ ಪಟ್ಟಿಗೆ ಸೇರಿತ್ತು. ಗಣಿಯಲ್ಲಿ ದುಡಿಯುವ ಪ್ರತಿಯೊಬ್ಬನ ಹೆಸರು ರಿಜಿಸ್ಟರಿನಲ್ಲಿ ಇರಬೇಕೆಂದು 1952ರ ಗಣಿ ಕಾಯ್ದೆ ಹೇಳಿತು. ಅದರ ಕೆಳಗಿನ ನಿಯಮಗಳು ಐದು ವರ್ಷಕ್ಕೊಮ್ಮೆ ದೇಹ ಪರೀಕ್ಷೆ ಮಾಡಿಸಬೇಕೆಂದವು. ಆದರೆ ಅದೇ ಕಾಯ್ದೆಯ ಮೂರನೇ ಕಲಮಿನಲ್ಲಿ ಒಂದು ಕಿಂಡಿ ಇತ್ತು. ಕಟ್ಟಡದ ಕಲ್ಲು, ಸುಣ್ಣಕಲ್ಲು ಮುಂತಾದವನ್ನು ತೆಗೆಯುವ ತೆರೆದ ಖಣಿಯ ಆಳ ಆರು ಮೀಟರ್ ದಾಟದಿದ್ದರೆ, ಕೆಲಸಗಾರರು ಐವತ್ತು ಮೀರದಿದ್ದರೆ, ಮದ್ದು ಸಿಡಿಸದಿದ್ದರೆ, ಕಾಯ್ದೆಯ ಬಹುಭಾಗ ಅದಕ್ಕೆ ಅನ್ವಯಿಸುತ್ತಿರಲಿಲ್ಲ. ಫರಸಿಯೋ ಮೇಲ್ಪದರದಲ್ಲೇ ಸಿಗುವ ಕಲ್ಲು. ಆಳದ ಗಣಿಯಲ್ಲಿ ಸತ್ತವನಿಗೆ ಒಂದು ರಿಜಿಸ್ಟರಾದರೂ ಇತ್ತು. ಆರು ಮೀಟರಿನ ಒಳಗೆ ಸತ್ತವನು ಸತ್ತದ್ದೂ ಲೆಕ್ಕಕ್ಕಿಲ್ಲ. 2019 ಮತ್ತು 2020ರಲ್ಲಿ ಸಂಸತ್ತು ಹಳೆಯ ಕಾರ್ಮಿಕ ಕಾಯ್ದೆಗಳನ್ನು ಮಡಚಿ ನಾಲ್ಕು ಸಂಹಿತೆ ಮಾಡಿತು. ಕಾಯ್ದೆಯ ಹೆಸರು ಏನೇ ಆಗಲಿ, ಕಿಟಕಿಯಲ್ಲಿ ಕೂತವನು ಕೇಳುವುದು ಒಂದೇ ಮಾತು: ಕಾಗದ ಏನಿದೆ?

ಹಾಸ್ಟೆಲಿನಲ್ಲಿ ಈ ಸಂಪಾದಕೀಯವನ್ನು ಓದಿ ಹೇಳಿದಾಗ ಒಬ್ಬ ಗೆಳೆಯ ಸಿಟ್ಟಿಗೆದ್ದ. “ವಂಶ, ಕುಲ, ಗೋತ್ರ, ಇವೆಲ್ಲ ಮನುವಿನ ಮಾತು. ಅದನ್ನು ಸುಡಬೇಕು ಅಂತ ಹೇಳೋ ನಾವೇ ವಂಶಾವಳಿ ಬರೀಬೇಕೇನು?” ಅಂದ. ಪ್ರಶ್ನೆ ಸರಿಯಾಗಿದೆ. ನಾನು ಎರಡು ದಿನ ಯೋಚಿಸಿದೆ.

ಬಾಬಾಸಾಹೇಬರು ವಂಶದ ಹೆಮ್ಮೆಯನ್ನು ಸುಟ್ಟರು. ಆದರೆ ಶೂದ್ರರು ಯಾರು, ಅಸ್ಪೃಶ್ಯರು ಯಾರು ಎಂದು 1946ರಲ್ಲಿ, 1948ರಲ್ಲಿ ಪುಸ್ತಕ ಬರೆದು ನಮ್ಮ ಹಿಂದನ್ನು ಹುಡುಕಿದವರೂ ಅವರೇ. ಗೌಡನ ವಂಶಾವಳಿ ಆಸ್ತಿ ಉಳಿಸಿಕೊಳ್ಳಲಿಕ್ಕೆ. ನಮ್ಮದು ಬಾಕಿ ಕೇಳಲಿಕ್ಕೆ. ಅದು ಖಾತೆ ಪುಸ್ತಕ. ಯಾರು ಎಷ್ಟು ವರ್ಷ ದುಡಿದರು, ಎಷ್ಟು ಕೊಟ್ಟರು, ಎಷ್ಟು ಉಳಿಸಿಕೊಂಡರು, ಏನು ರೋಗ ಕೊಟ್ಟು ಕಳಿಸಿದರು ಎಂಬ ಲೆಕ್ಕ. ಕೆಲಸದ ಸರಪಳಿ ನಮ್ಮಲ್ಲಿಗೆ ಹರಿಯಬೇಕು, ಸರಿ. ಲೆಕ್ಕವೂ ಜೊತೆಗೆ ಹರಿದುಹೋದರೆ ಲಾಭ ಯಾರಿಗೆ? ಬಿ.ಎ. ಓದಿ ಪ್ಯಾಂಟು ಇಸ್ತ್ರಿ ಮಾಡಿಕೊಂಡು, ಮುತ್ಯಾ ಖಣಿಯಲ್ಲಿದ್ದ ಅಂತ ಹೇಳಲು ನಾಚುವ ನಮ್ಮಂಥವರಿಂದ ಯಜಮಾನರಿಗೆ ಬಹಳ ಉಪಕಾರವಾಗುತ್ತದೆ. ನಾನೂ ನಾಚಿದವನೇ. ಮೊದಲ ವರ್ಷ ಹಾಸ್ಟೆಲಿನಲ್ಲಿ ಕೇಳಿದವರಿಗೆ ‘ಕಾಂಟ್ರಾಕ್ಟ್ ಕೆಲಸ’ ಅಂತ ಹೇಳಿದ್ದೆ.

ಅದಕ್ಕೆ ಈ ರಜೆಯಲ್ಲಿ ಒಂದು ಕೆಲಸ ಮಾಡೋಣ. ನೂರು ಪುಟದ ಒಂದು ನೋಟ್‌ಬುಕ್ ತಗೊಂಡು ಊರಿಗೆ ಹೋಗಿರಿ. ಮನೆಯಲ್ಲಿ ಇರುವ ಅತಿ ಹಿರಿಯರ ಹತ್ತಿರ ಕೂಡಿರಿ. ಗೆರೆ ಎಳೆದು ಬರೆಯಿರಿ: ಹೆಸರು, ಊರು, ಏನು ಕೆಲಸ, ಯಾರ ಹತ್ತಿರ, ಯಾವ ವರ್ಷದಿಂದ ಯಾವ ವರ್ಷದ ತನಕ, ಕೂಲಿ ಎಷ್ಟು, ಏನು ಬ್ಯಾನಿ ಬಂತು, ಹೇಗೆ ಸತ್ತರು, ಕಾಗದ ಏನಿದೆ. ಇಸವಿ ಗೊತ್ತಿಲ್ಲದಿದ್ದರೆ ಬರ ಬಿದ್ದ ವರ್ಷ, ರಜಾಕಾರರ ಗದ್ದಲದ ವರ್ಷ, ಇಂದಿರಾಗಾಂಧಿ ಸತ್ತ ವರ್ಷ ಅಂತ ಕೇಳಿದರೆ ತಾನಾಗಿ ಹೊರಬರುತ್ತದೆ. ಹೆಂಗಸರ ಹೆಸರನ್ನು ಇಂಥವನ ಹೆಂಡತಿ ಅಂತ ಬರೆಯಬೇಡಿ. ಅವಳ ಹೆಸರು, ಅವಳ ತವರು, ಅವಳು ಹೊತ್ತ ಭಾರ ಬೇರೆಯೇ ಸಾಲಿನಲ್ಲಿ ಬರಲಿ. ಫೋನಿದ್ದವರು ಅವರ ದನಿಯನ್ನೂ ಹಿಡಿದಿಡಿರಿ.

ಆಮೇಲೆ ಕಾಗದ ಹುಡುಕಿರಿ. ಹಳೆಯ ರೇಷನ್ ಕಾರ್ಡು, ಮತದಾರರ ಪಟ್ಟಿ, ಅಪ್ಪನ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮುತ್ಯಾನ ಉದ್ಯೋಗದ ಕಾಲಮ್ಮು, ದವಾಖಾನೆಯ ಚೀಟಿ, ಎದೆಯ ಎಕ್ಸ್‌ರೇ. ತಗಡಿನ ಪೆಟ್ಟಿಗೆಯ ತಳದಲ್ಲಿ ಇರುವುದನ್ನೆಲ್ಲ ತೆಗೆಯಿರಿ. ಸರ್ಕಾರಿ ಕಚೇರಿಯಲ್ಲಿರುವ ರಿಜಿಸ್ಟರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿರಿ, 2005ರ ಆ ಕಾಯ್ದೆ ನಮಗೂ ಸೇರಿದ್ದು. ಇಂದು ಖಣಿಯಲ್ಲಿ, ಸಿಮೆಂಟಿನಲ್ಲಿ, ಕಟ್ಟಡದಲ್ಲಿ ದುಡಿಯುತ್ತಿರುವ ಅಪ್ಪ, ಕಾಕಾ, ಅಕ್ಕನಿಗೆ ಹೇಳಿರಿ: ದವಾಖಾನೆಗೆ ಹೋದಾಗ ಕೇಳದಿದ್ದರೂ ಸರಿ, ನಾನು ಇಂಥ ಕೆಲಸ ಇಷ್ಟು ವರ್ಷ ಮಾಡಿದ್ದೇನೆ ಎಂದು ಹೇಳಿ ಬರೆಸಬೇಕು. ಆ ಒಂದು ಸಾಲು ನಾಳೆ ಅವರ ಮನೆಯವರಿಗೆ ಅನ್ನವಾಗಬಹುದು.

ಎಲ್ಲರ ನೋಟ್‌ಬುಕ್‌ಗಳು ಒಂದು ಕಡೆ ಸೇರಿದ ದಿನ, ಅದೇ ಖಣಿಯ ಹೆಸರು, ಅದೇ ಕೆಮ್ಮು, ಅದೇ ವಯಸ್ಸಿನ ಸಾವು ಹತ್ತು ಮನೆಯಲ್ಲಿ ಕಂಡ ದಿನ, ಅದು ಹತ್ತು ಮನೆಯ ಹಣೆಬರಹ ಅಂತ ಯಾರೂ ಹೇಳಲಾರರು. ಸಾಕ್ಷಿ ಅಂತ ಹೇಳಬೇಕಾಗುತ್ತದೆ.

ನಾನು ಶುರುಮಾಡಿದ್ದೇನೆ. ಮೊನ್ನೆ ಆಯಿಯ ಮುಂದೆ ಪುಸ್ತಕ ತೆರೆದು ಕೂತೆ. ಜೀತದವನು, ಖಣಿಯವನು, ಹೈದರಾಬಾದಿಗೆ ಗುಳೆ ಹೋಗಿ ಗಾರೆ ಕಲಸುವ ನನ್ನ ಅಪ್ಪ, ಆಮೇಲೆ ನಾನು. ನಾಲ್ಕು ಸಾಲು ಆಯಿತು. ಅಷ್ಟರಲ್ಲಿ ಆಯಿ ಕೇಳಿದಳು:

“ನನ್ನ ಹೆಸರ ಎಲ್ಲಿ ಹಾಕೀದಿ?”

ನಾನು ಹಾಕಿರಲಿಲ್ಲ. ಹೆಂಗಸರ ಕೊಂಬೆ ಕಾಣುವುದಿಲ್ಲ ಎಂದು ಈ ಸಂಪಾದಕೀಯಕ್ಕೆ ಬರೆದುಕೊಂಡ ಕೈಯೇ ಅದು. ಪುಟ ತಿರುವಿ ಮೊದಲಿಂದ ಬರೆದೆ. ಕಲ್ಲು ಹೊತ್ತ ವರ್ಷಗಳನ್ನು ಅವಳು ಬೆರಳ ಗೆಣ್ಣಿನಲ್ಲಿ ಎಣಿಸಿದಳು. ಹನ್ನೊಂದು. ಕೆಳಗೆ ಹೆಬ್ಬೆಟ್ಟು ಒತ್ತಲೇನು ಅಂತ ಕೇಳಿದಳು. ಬೇಡ ಅಂದೆ. ಪೆನ್ನು ಕೈಗೆ ಕೊಟ್ಟು, ಅವಳ ಕೈ ಹಿಡಿದು, ಅವಳ ಹೆಸರನ್ನು ಅವಳಿಂದಲೇ ಬರೆಸಿದೆ. ಅಕ್ಷರ ಸೊಟ್ಟ ಇದೆ. ಓದಲಿಕ್ಕೆ ಬರುತ್ತದೆ.

ನಿಮ್ಮ ನೋಟ್‌ಬುಕ್ಕಿಗೆ ಕಾಯುತ್ತೇವೆ.

ಜೈ ಭೀಮ್.